ಬದುಕಿರುವ ಪೇಟೆಗೆ ತಿಥಿ ಯಾಕೆ?

ನಮಸ್ಕಾರ.

ಬೆಂಗಳೂರಿನ ಹಳೇ ಪೇಟೆಯ ಬಗ್ಗೆ ನೀವು ಬರೆದ ‘ಮರೆಯಾದ ಪೇಟೆ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಪಕ್ಕಕ್ಕಿಡಲೂ ಮನಸ್ಸು ಬರಲಿಲ್ಲ. ಅದಕ್ಕೇ ಈ ಉದ್ದದ ಕಾಗದ.

ಮೊದಲ ಎರಡು ಪುಟ ತೆಗೆದುಬಿಡಿ. 1537, ಕೆಂಪೇಗೌಡರು, ನಾಲ್ಕು ದಿಕ್ಕಿಗೆ ಹೊರಟ ಎತ್ತುಗಳು... ಪೇಟೆಯ ಬಗ್ಗೆ ನನ್ನ ಮೇಜಿಗೆ ಬರುವ ಲೇಖನಗಳೆಲ್ಲ ಹೀಗೇ ಶುರುವಾಗುತ್ತವೆ. ಅದರಲ್ಲೂ ಒಂದು ತಪ್ಪಿದೆ. ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಹೈದರಾಲಿ, 1761ರಲ್ಲಿ. ಕಾಟನ್‌ಪೇಟೆ ಬ್ರಿಟಿಷರದ್ದು ಎಂದೂ ಬರೆದಿದ್ದೀರಿ. ಅದು ನಮ್ಮ ಅರಳೇಪೇಟೆ ಕಣ್ರೀ. ಅರಳೆ ಅಂದರೆ ಹತ್ತಿ. ಹೆಸರಷ್ಟೇ ಇಂಗ್ಲಿಷ್ ಆಯಿತು. ಇನ್ನು ‘ಗತವೈಭವ’ ಏಳು ಸಲ ಬಂದಿದೆ. ಎಣಿಸಿದೆ.

ನನ್ನ ದೊಡ್ಡ ತಕರಾರು ತಲೆಬರಹದ ಮೇಲೆ. ಮರೆಯಾಗಿರುವುದು ಎಲ್ಲಿ? ಬಳೇಪೇಟೆಯಲ್ಲಿ ಇವತ್ತಿಗೂ ವೀಣೆ, ತಬಲ ಸಿಗುತ್ತವೆ. ಮದುವೆ ಸೀರೆಗೆ ಜನ ಚಿಕ್ಕಪೇಟೆಗೆ ಬರುತ್ತಲೇ ಇದ್ದಾರೆ. 2017ರಿಂದ ಮೆಟ್ರೋ ಇಳಿದು ಬರುತ್ತಾರೆ, ಅಷ್ಟೇ. ಕರಗಕ್ಕೆ ನೀವು ಒಂದೇ ಸಾಲು ಕೊಟ್ಟಿದ್ದೀರಿ. ಹಗಲೆಲ್ಲ ಹಮಾಲರು ಮೂಟೆ ಹೊತ್ತ ಗಲ್ಲಿಗಳಲ್ಲಿ ಚೈತ್ರದ ಹುಣ್ಣಿಮೆ ರಾತ್ರಿ ಕರಗ ಹೊರಡುತ್ತದೆ. ಧರ್ಮರಾಯನ ಗುಡಿಯಿಂದ ಹೊರಟಿದ್ದು ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತದೆ. ಇಂಥ ಊರಿಗೆ ನೀವು ತಿಥಿ ಮಾಡಲು ಹೊರಟಿದ್ದೀರಲ್ಲ!

ನಾಲ್ಕನೇ ಪುಟದಲ್ಲಿ ಮಾತ್ರ ನಾನು ನಿಂತುಬಿಟ್ಟೆ. ಅಕ್ಕನ ಮದುವೆ ಸೀರೆಗೆ ಹೋಗಿದ್ದು. ಚಪ್ಪಲಿ ಹೊರಗೆ ಬಿಟ್ಟು ಬಿಳಿ ಹಾಸಿನ ಮೇಲೆ ಕೂತಿದ್ದು. ಅಮ್ಮ ಮೊದಲ ಸೀರೆಯನ್ನೇ ಒಪ್ಪಿದ್ದರೂ ಇನ್ನೂ ಮೂವತ್ತು ಬಿಚ್ಚಿಸಿದ್ದು. ಆಮೇಲೆ ಅಂಗಡಿ ಹುಡುಗ ಅಷ್ಟನ್ನೂ ತುಟಿಪಿಟಕ್ಕೆನ್ನದೆ ಮಡಿಸಿದ್ದು. ಇಲ್ಲಿಂದಲೇ ಶುರುಮಾಡಿ. ಆ ಹುಡುಗ ಯಾವ ಊರಿನವನು, ರಾತ್ರಿ ಎಲ್ಲಿ ಮಲಗುತ್ತಿದ್ದ? ಈಗ ಅಂಥ ಕೆಲಸಕ್ಕೆ ಯಾರು ಬರುತ್ತಾರೆ? ಹೋಗಿ ಕೇಳಿ.

ಇನ್ನೊಂದು. ‘ನಮ್ಮವರು ನಗರ್ತಪೇಟೆ ಬಿಟ್ಟು ಬಸವನಗುಡಿಗೆ ಬಂದರು’ ಎಂದು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಯಾವಾಗ, ಯಾಕೆ? 1898ರಲ್ಲಿ ಪ್ಲೇಗ್ ಬಂದು ಪೇಟೆ ಖಾಲಿಯಾಯಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದಿದ್ದೇ ಆ ಹೊತ್ತಿನಲ್ಲಿ. ನಿಮ್ಮ ಮನೆಯ ಕಥೆಯೂ ಅದೇ ಇರಬಹುದು, ಬೇರೆಯೂ ಇರಬಹುದು. ಹಿರಿಯರು ಇದ್ದರೆ ಈಗಲೇ ಕೇಳಿಟ್ಟುಕೊಳ್ಳಿ. ನನಗಂತೂ ಓದುತ್ತಾ ಅನ್ನಿಸಿದ್ದು ಇಷ್ಟು: ಪೇಟೆ ಎಲ್ಲಿಗೂ ಹೋಗಿಲ್ಲ, ಹೋದವರು ನೀವು. ಅದನ್ನು ಒಪ್ಪಿಕೊಂಡು ಬರೆದರೆ ಲೇಖನದ ದನಿಯೇ ಬೇರೆಯಾಗುತ್ತದೆ, ಅಲ್ವಾ?

ಎಂಟುನೂರು ಪದ ಸಾಕು. ಭಾನುವಾರ ಹೋಗಬೇಡಿ, ಎಷ್ಟೋ ಅಂಗಡಿ ಬಾಗಿಲು ಹಾಕಿರುತ್ತವೆ. ಕಾರಂತೂ ಬೇಡವೇ ಬೇಡ.

ಇಂತಿ,
ಸಂಪಾದಕ