ಪ್ರತಿಕ್ರಿಯೆ: ಎಲಿಜಬೆತ್ ಹೇಳುವ ಸುಳ್ಳು ಯಾಕೆ ನಾಟುತ್ತಿಲ್ಲ?

ಮಾಟಗಾತಿ ವಿಚಾರಣೆಗಳ ಕಥೆಯಾದ 'ದಿ ಕ್ರೂಸಿಬಲ್' ನಾಟಕದ ಮೂರನೇ ಅಂಕದಲ್ಲಿ, ಗಂಡ ಜಾನ್‌ಗೂ ಕೆಲಸದ ಹುಡುಗಿಯಾಗಿದ್ದ ಅಬಿಗೈಲ್‌ಗೂ ಸಂಬಂಧವಿರಲಿಲ್ಲ ಎಂದು ನಿಮ್ಮ ಎಲಿಜಬೆತ್ ಹೇಳುವ ಸುಳ್ಳು ನಾಟುತ್ತಿಲ್ಲ ಅಂದಿರಿ. ತೊಂದರೆ ಬಹುಶಃ ಎರಡನೇ ಅಂಕದಲ್ಲಿದೆ. ಅಲ್ಲಿ ಆಕೆಯನ್ನು ಸುಮ್ನೆ ಮುನಿಸಿಕೊಂಡ ಹೆಂಡತಿಯಾಗಿ ಆಡುತ್ತಿದ್ದೀರಿ ಅನ್ನಿಸುತ್ತದೆ. ನಮ್ಮ ತಂಡದಲ್ಲೂ ಹೀಗೇ ಆಗಿತ್ತು.

ಮೊದಲು ಊಟದ ದೃಶ್ಯ ಸರಿ ಮಾಡಿಕೊಳ್ಳಿ. ಆಕೆ ಬರುವ ಮೊದಲೇ ಜಾನ್ ಪಾತ್ರೆಯ ರುಚಿ ನೋಡಿ ಉಪ್ಪು ಹಾಕುತ್ತಾನೆ. ಆಮೇಲೆ ಅಡುಗೆ ಹದವಾಗಿದೆ ಎಂದು ಹೊಗಳುತ್ತಾನೆ. ಆಕೆ ನಾಚುತ್ತಾಳೆ. ಆ ಖುಷಿ ನಿಜವಾಗಿರಲಿ. ಪ್ರೀತಿ ಕಂಡರೆ ತಾನೇ ಅನುಮಾನ ಚುಚ್ಚುವುದು?

ಆಮೇಲೆ ಜಾನ್ ಬೈಬಲಿನ ಹತ್ತು ಆಜ್ಞೆಗಳನ್ನು ಹೇಳುವ ಜಾಗ. ಗಂಡ ಮರೆತ ಹಾದರದ ಆಜ್ಞೆಯನ್ನು ಮೆಲ್ಲಗೆ ನೆನಪಿಸಿ. ಕೊಂಕು ಬೇಡ.

ಈಗ ಕೋರ್ಟ್. ಜಾನ್ ಆ ಸಂಬಂಧವನ್ನು ಒಪ್ಪಿಕೊಂಡಾಗಿದೆ, ಎಲಿಜಬೆತ್‌ಗೆ ಗೊತ್ತಿಲ್ಲ. ಅದು ನಿಜವೇ ಎಂದು ನ್ಯಾಯಾಧೀಶ ಡ್ಯಾನ್‌ಫರ್ತ್ ಆಕೆಯನ್ನು ಕೇಳುತ್ತಾನೆ. ಗಂಡನ ಕಡೆ ತಿರುಗಿದರೆ ಕಾಣುವುದು ಅವನ ಬೆನ್ನು ಮಾತ್ರ. ಅಲ್ಲಿ ಎರಡು ಉಸಿರು ನಿಲ್ಲಿ. 'ಇಲ್ಲ' ಎನ್ನುವುದು ಗಂಟಲಲ್ಲೇ ಸಿಕ್ಕಿಕೊಂಡಂತೆ ಬರಲಿ. ಅಳಬೇಡಿ. ಎಂದೂ ಸುಳ್ಳಾಡದವಳು ಅವನನ್ನು ಉಳಿಸಲು ಸುಳ್ಳಾಡಿ ಮುಳುಗಿಸುತ್ತಾಳೆ, ಅಲ್ವಾ?

ಕೊನೆಯ ಅಂಕದಲ್ಲಿ ಗಂಡನ ತಪ್ಪಿಗೆ ಆಕೆ ತನ್ನನ್ನೇ ದೂರಿಕೊಳ್ಳುವ ಮಾತು ನನಗೆ ಈಗಲೂ ಕಿರಿಕಿರಿ. ಅದಕ್ಕೆ ಒಂದೇ ಸರಿಯಾದ ದಾರಿ ಇದೆ ಎನ್ನಲಾರೆ. ಒಮ್ಮೆ ಪಶ್ಚಾತ್ತಾಪವಾಗಿ, ಒಮ್ಮೆ ಬರೀ ಸುಸ್ತಾಗಿ ಆಡಿ ನೋಡಿ.

ಇತಿಹಾಸ ಜಾಸ್ತಿ ಕೆದಕಬೇಡಿ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ನಿಜವಾದ ಅಬಿಗೈಲ್‌ಗೆ ಸುಮಾರು 11 ವರ್ಷ, ಜಾನ್‌ಗೆ 60. ಆ ಸಂಬಂಧ ನಾಟಕಕಾರ ಮಿಲ್ಲರ್ ಕಟ್ಟಿದ್ದು. ನಾಳೆಯ ರಿಹರ್ಸಲ್ ಉಪ್ಪಿನಿಂದಲೇ ಶುರು ಮಾಡಿ.