ದೆವ್ವ ಇರುವ ರೂಮಿಗೆ ಬಾಡಿಗೆ ಜಾಸ್ತಿ!

ಪ್ರಶ್ನೆ: ಮೇ ತಿಂಗಳಲ್ಲಿ ಮಸ್ಸೂರಿಗೆ ಹೊರಟಿದ್ದೇವೆ. ಯಜಮಾನರು ಸವಾಯ್ ಹೋಟೆಲಿನಲ್ಲಿ ರೂಮ್ ಬುಕ್ ಮಾಡಿದ್ದಾರೆ. ಅಲ್ಲಿ ಹೆಂಗಸೊಬ್ಬಳ ದೆವ್ವ ಓಡಾಡುತ್ತದೆ ಅಂತ ಅತ್ತೆ ಮೊಬೈಲಿನಲ್ಲಿ ನೋಡಿ, ‘ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗುದು ಬ್ಯಾಡ’ ಎಂದು ಹಟ ಹಿಡಿದಿದ್ದಾರೆ. ಹಿಂದೆ ಸಿರ್ಸಿ ಕಡೆಯ ಹಳೇ ಐಬಿಯೊಂದರಲ್ಲಿ ರಾತ್ರಿಯಿಡೀ ಅಟ್ಟದ ಮೇಲೆ ಯಾರೋ ನಡೆದಾಡಿದ್ದು ಅವರಿಗೆ ಕೇಳಿತ್ತಂತೆ. ಏನು ಮಾಡಲಿ?
– ಓದುಗರು, ಬೈತಖೋಲ, ಕಾರವಾರ

ಉತ್ತರ: ಹೋಗಿ ಬನ್ನಿ. ಮೇ ತಿಂಗಳ ಮಸ್ಸೂರಿಯಲ್ಲಿ ದೆವ್ವಕ್ಕಿಂತ ಟ್ರಾಫಿಕ್ಕಿಗೆ ಹೆದರಬೇಕು.

ಹಾಗಂತ ಆ ಕಥೆಗೆ ಬುಡವೇ ಇಲ್ಲ ಅಂತಲ್ಲ. ಹೋಟೆಲ್ ಶುರುವಾಗಿದ್ದು 1902ರಲ್ಲಿ. 1911ರಲ್ಲಿ ಫ್ರಾನ್ಸಿಸ್ ಗಾರ್ನೆಟ್-ಓರ್ಮ್ ಎಂಬ ಇಂಗ್ಲಿಷ್ ಮಹಿಳೆ ಅಲ್ಲಿ ವಿಷದಿಂದ ಸತ್ತರು. ಸತ್ತವರ ಜೊತೆ ಮಾತಾಡಬಹುದು ಅಂತ ನಂಬಿದ್ದವರು ಅವರು. ಜೊತೆಗೆ ಬಂದಿದ್ದ ಗೆಳತಿಯ ಮೇಲೆ ಅಲಹಾಬಾದಿನಲ್ಲಿ ಕೊಲೆ ಕೇಸು ನಡೆದು ಅವರೂ ಬಿಡುಗಡೆಯಾದರು. ಕೊಂದವರು ಯಾರು ಅಂತ ಗೊತ್ತಾಗಿದ್ದರೆ ಈ ದೆವ್ವ ಹುಟ್ಟುತ್ತಲೇ ಇರಲಿಲ್ಲವೇನೋ.

ಆದರೆ ಮುಂಬೈನ ತಾಜ್ ಹೋಟೆಲಿನದು ಪೂರಾ ಬುರುಡೆ. ಕಟ್ಟಡ ಹಿಂದುಮುಂದಾಯಿತು ಅಂತ ಅದರ ಇಂಜಿನಿಯರ್ ಚೇಂಬರ್ಸ್ ಹಾರಿ ಸತ್ತನಂತೆ, ಈಗಲೂ ತಿರುಗುತ್ತಾನಂತೆ. ನಿಜ ನೋಡಿದರೆ ಕೆಲಸ ಶುರು ಮಾಡಿದ್ದು ಸೀತಾರಾಮ ಖಂಡೇರಾವ್ ವೈದ್ಯ, ಅವರು ತೀರಿಹೋದ ಮೇಲೆ ಮುಗಿಸಿದ್ದು ಚೇಂಬರ್ಸ್. ಮುಂಬಾಗಿಲು ಊರ ಕಡೆಗೆ ಇಟ್ಟಿದ್ದೂ ಬೇಕಂತಲೇ.

ನಮ್ಮಲ್ಲಿ ಒಂದು ಮನೆಗೆ ದೆವ್ವದ ಹೆಸರು ಬಂದರೆ ಅರ್ಧ ರೇಟಿಗೂ ಗಿರಾಕಿ ಸಿಗುವುದಿಲ್ಲ. ಹೋಟೆಲಿಗೆ ಬಂದರೆ ಅದೇ ರೂಮಿಗೆ ಕ್ಯೂ! ಅಮೆರಿಕದ ಸ್ಟ್ಯಾನ್ಲಿ ಹೋಟೆಲಿನಲ್ಲಂತೂ ದೆವ್ವದ ಕಥೆ ಹೇಳುತ್ತಾ ಸುತ್ತಿಸುವುದಕ್ಕೇ ಬೇರೆ ಟಿಕೆಟ್ ಇದೆ. ಇಷ್ಟು ಲಾಭ ತರುವ ದೆವ್ವವನ್ನು ಯಾರು ಓಡಿಸುತ್ತಾರೆ, ಹೇಳಿ?

ಇನ್ನು ಅತ್ತೆಯವರ ಮಾತನ್ನು ದಯವಿಟ್ಟು ಸುಳ್ಳು ಅನ್ನಬೇಡಿ. ಸದ್ದು ಕೇಳಿರುತ್ತದೆ. ಹಗಲೆಲ್ಲ ಬಿಸಿಲಿಗೆ ಕಾದ ಮಾಡಿನ ಮರ ರಾತ್ರಿ ತಣ್ಣಗಾಗುವಾಗ ಟಕ್, ಟಕ್ ಅನ್ನುತ್ತದೆ. ಅದರ ಮೇಲೆ ಕಬ್ಬೆಕ್ಕು ಸೇರಿಕೊಂಡರೆ ಮುಗೀತು. ನಾಲ್ಕು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಮತ್ತೆ ಎರಡು ಹೆಜ್ಜೆ, ಆಮೇಲೆ ಏನೋ ಎಳೆದ ಹಾಗೆ ಸದ್ದು. ಥೇಟ್ ಮನುಷ್ಯರದೇ ನಡಿಗೆ. ಬೆಳಿಗ್ಗೆ ಏಣಿ ಹಾಕಿ ನೋಡಿದರೆ ಅಟ್ಟದ ಮೂಲೆಯಲ್ಲಿ ಹಣ್ಣಿನ ಬೀಜ ತುಂಬಿದ ಹಿಕ್ಕೆ ಬಿದ್ದಿರುತ್ತದೆ. ಐಬಿಯ ಮೇಟಿಯನ್ನು ಕೇಳಿದ್ದರೆ ಅವನೇ ಹೇಳುತ್ತಿದ್ದ, ಅಥವಾ ಮಜಾ ನೋಡೋಣ ಅಂತ ಸುಮ್ನೆ ಇದ್ದನೋ ಏನೋ.

ಇನ್ನೊಂದು ವಿಷಯ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಮ್ಮ ಮೆದುಳಿನ ಒಂದು ಭಾಗ ಪೂರ್ತಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಕಿವಿ ಕೊಟ್ಟಿರುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಇದನ್ನು ತೋರಿಸಿಕೊಟ್ಟರು. ಅದಕ್ಕೇ ಎರಡು ರಾತ್ರಿಗೆ ಬುಕ್ ಮಾಡಿ, ಬಾತ್‌ರೂಮಿನ ಲೈಟ್ ಉರಿಯಲಿ, ಅತ್ತೆಯವರನ್ನು ಮೊಮ್ಮಕ್ಕಳ ಜೊತೆಗೇ ಮಲಗಿಸಿ. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುತ್ತದಾ ಅಂತ ಮೊದಲು ಕೇಳಿ. ಬರುವುದಿಲ್ಲ ಅಂದರೆ ಅತ್ತೆಯವರೇ ಒಪ್ಪಬಹುದು.

ಪ್ರಶ್ನೆ: ಮಿರ್ಜಾನ್ ಕೋಟೆಯಲ್ಲಿ ಸಂಜೆ ಮೇಲೆ ಯಾಕೆ ಬಿಡುವುದಿಲ್ಲ? ಭೂತ ಇದೆಯಾ?
– ಕಾಲೇಜು ಹುಡುಗ, ಕುಮಟಾ

ಉತ್ತರ: ಇಲ್ಲ ಮಾರಾಯಾ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಸೂರ್ಯ ಮುಳುಗಿದ ಮೇಲೆ ಬಾಗಿಲು ಹಾಕುವುದು ಮಾಮೂಲಿ ನಿಯಮ. ರಾಜಸ್ಥಾನದ ಭಾನಗಢದಲ್ಲಿರುವ ಬೋರ್ಡೂ ಅದೇ, ಜನ ಅದರ ಮುಂದೆ ಫೋಟೊ ತೆಗೆದು ‘ಸರ್ಕಾರವೇ ಒಪ್ಪಿಕೊಂಡಿದೆ’ ಅನ್ನುತ್ತಾರೆ. ಮಿರ್ಜಾನಿನಲ್ಲಿ ಹೆದರಬೇಕಾದ್ದು ಆಳದ ಬಾವಿಗಳಿಗೆ, ಮಳೆಗಾಲದಲ್ಲಿ ಜಾರುವ ಕಲ್ಲಿಗೆ. ಸೆಲ್ಫಿ ತೆಗೆಯುವಾಗ ಹಿಂದೆ ನೋಡಿಕೋ.