ಕಲ್ಲಿದ್ದಲು ಹಾಕಿದವರು ಯಾರು?

ಪ್ರಿಯ ಲೇಖಕಿಯವರೆ,

ನಮಸ್ಕಾರ. ಬ್ರಿಟನ್ನಿನ ಹಳೆಯ ಪ್ರಯಾಣಿಕ ಹಡಗು ‘ಮಾರಿಟೇನಿಯಾ’ದ ಬಗ್ಗೆ ನೀವು ಕಳಿಸಿದ ಹತ್ತು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ವಸ್ತುವಿನ ಸೆಳೆತಕ್ಕೆ ಓದಿಕೊಂಡು ಹೋದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಕೂತೆ, ಸಿಟ್ಟು ಬಂತು. ಬೇಡವಾದ ಬರಹವನ್ನು ‘ವಿಷಾದದೊಂದಿಗೆ’ ಎಂಬ ಒಂದು ಸಾಲು ಬರೆದು ಹಿಂದಿರುಗಿಸುವುದು ನಮ್ಮಲ್ಲಿ ವಾಡಿಕೆ. ನಿಮಗೆ ಹಾಗೆ ಬರೆಯಲು ಮನಸ್ಸು ಒಪ್ಪಲಿಲ್ಲ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ತಾರೀಕುಗಳನ್ನು ಎಚ್ಚರದಿಂದ ಕೂಡಿಸಿದ್ದೀರಿ. 1906ರ ಸೆಪ್ಟೆಂಬರ್ 20ರಂದು ಹಡಗು ಇಂಗ್ಲೆಂಡಿನ ಟೈನ್ ನದಿಗೆ ಇಳಿದದ್ದು, 1907ರ ನವೆಂಬರ್ 16ರಂದು ಲಿವರ್‌ಪೂಲ್‌ನಿಂದ ನ್ಯೂಯಾರ್ಕಿಗೆ ಮೊದಲ ಸಲ ಹೊರಟದ್ದು, 1935ರಲ್ಲಿ ಒಡೆಯುವುದಕ್ಕೆಂದು ಸ್ಕಾಟ್ಲೆಂಡಿನ ರೊಸೈತ್‌ಗೆ ಹೋದದ್ದು, ಎಲ್ಲ ಸರಿಯಾಗಿವೆ. ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ. ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ನನ್ನ ತಕರಾರು ‘ಲಾಯಿತು’ ಮೇಲೆ. ‘ಲಾಯಿತು’, ‘ಲಾಗಿತ್ತು’, ‘ಲಾಗುತ್ತಿತ್ತು’ ಕಂಡಲ್ಲೆಲ್ಲ ಗೆರೆ ಎಳೆಯುತ್ತ ಹೋದೆ. ಹತ್ತು ಪುಟಕ್ಕೆ 63 ಸಿಕ್ಕವು. ಕಟ್ಟಲಾಯಿತು, ನೀಡಲಾಯಿತು, ಅಳವಡಿಸಲಾಯಿತು, ಬದಲಾಯಿಸಲಾಯಿತು. ಮನೆಯಲ್ಲಿ ಯಾರಾದರೂ ‘ಅನ್ನ ಬಡಿಸಲಾಯಿತು’ ಅನ್ನುತ್ತಾರೆಯೆ? ಅಮ್ಮ ಬಡಿಸಿದಳು, ಅತ್ತಿಗೆ ಬಡಿಸಿದಳು ಅನ್ನುತ್ತೇವೆ. ‘ಲಾಯಿತು’ ಸುತ್ತೋಲೆಯ ಭಾಷೆ. ಮಾಡಿದವರ ಹೆಸರು ಹೇಳಬಾರದು ಅನ್ನುವಾಗ ಕಚೇರಿಯವರು ಅದರ ಹಿಂದೆ ನಿಲ್ಲುತ್ತಾರೆ. ನಿಮಗೆ ಯಾರನ್ನೂ ಮರೆಮಾಡುವ ಅಗತ್ಯವಿರಲಿಲ್ಲ. ಆದರೂ ಒಂದು ಇಡೀ ಹಡಗಿನ ಜನ ನಿಮ್ಮ ಲೇಖನದಲ್ಲಿ ಕಾಣೆಯಾಗಿದ್ದಾರೆ.

ಎರಡನೆಯ ಪುಟದ ಈ ವಾಕ್ಯ ನೋಡಿ: “1903ರಲ್ಲಿ ಕ್ಯೂನಾರ್ಡ್ ಕಂಪನಿಗೆ 26 ಲಕ್ಷ ಪೌಂಡ್ ಸಾಲ ಮಂಜೂರು ಮಾಡಲಾಯಿತು.” ಯಾರು ಮಂಜೂರು ಮಾಡಿದರು? ಬ್ರಿಟಿಷ್ ಸರಕಾರ. ಬ್ರಿಟನ್ನಿನದೇ ಆದರೂ ಖಾಸಗಿ ಹಡಗು ಕಂಪನಿಗೆ, ಅದೂ ಬರೀ ಶೇಕಡ 2.75 ಬಡ್ಡಿಗೆ ಸರಕಾರ ಯಾಕೆ ದುಡ್ಡು ಕೊಟ್ಟೀತು? ಅಟ್ಲಾಂಟಿಕ್‌ನ ವೇಗದ ದಾಖಲೆ 1897ರಿಂದಲೂ ಜರ್ಮನ್ ಹಡಗುಗಳ ಕೈಯಲ್ಲಿತ್ತು. ಅಮೆರಿಕದ ಸಾಹುಕಾರ ಜೆ. ಪಿ. ಮಾರ್ಗನ್ ಹಡಗು ಕಂಪನಿಗಳನ್ನು ಒಂದೊಂದಾಗಿ ಕೊಳ್ಳುತ್ತ ಬಂದು ಬ್ರಿಟನ್ನಿನ ವೈಟ್ ಸ್ಟಾರ್ ಕಂಪನಿಯನ್ನೂ ಬುಟ್ಟಿಗೆ ಹಾಕಿಕೊಂಡಿದ್ದ. ಕ್ಯೂನಾರ್ಡ್ ಕೂಡ ಕೈತಪ್ಪಿದರೆ ಗತಿಯೇನು ಎಂದು ಲಂಡನ್ ಹೆದರಿತು. ಯುದ್ಧ ಬಂದರೆ ಹಡಗುಗಳು ನಮ್ಮ ಕೆಲಸಕ್ಕೆ ಒದಗಬೇಕು ಎಂಬ ಷರತ್ತು ಹಾಕಿ ಸಾಲ ಕೊಟ್ಟಿತು. ಆ ದುಡ್ಡಿನಲ್ಲೇ ‘ಲುಸಿಟೇನಿಯಾ’, ‘ಮಾರಿಟೇನಿಯಾ’ ಎರಡೂ ಎದ್ದು ನಿಂತವು. ಭಯ, ಹಟ, ಲೆಕ್ಕಾಚಾರ ಎಲ್ಲ ಇದ್ದ ಕಥೆ ನಿಮ್ಮ ‘ಮಾಡಲಾಯಿತು’ವಿನಲ್ಲಿ ಬ್ಯಾಂಕಿನ ಪಾಸ್‌ಬುಕ್ಕಿನ ಸಾಲಿನಷ್ಟಾಗಿದೆ.

ನಾಲ್ಕನೆಯ ಪುಟ: “ಮೊದಲ ಯಾನದಲ್ಲಿ ಕೆಲವು ಅಡಚಣೆಗಳನ್ನು ಎದುರಿಸಲಾಯಿತು.” ಅಡಚಣೆ ಎಂದರೆ ಏನು, ಅದನ್ನಾದರೂ ಬರೆಯಬೇಡವೆ? ನವೆಂಬರಿನ ಬಿರುಗಾಳಿಯಲ್ಲಿ ಮುಂಭಾಗದ ಡೆಕ್ಕಿನ ಮೇಲಿದ್ದ ಹೆಚ್ಚುವರಿ ಲಂಗರು ಕಟ್ಟು ಬಿಚ್ಚಿಕೊಂಡಿತು. ಕಬ್ಬಿಣದ ಅಷ್ಟು ದೊಡ್ಡ ತೂಕ ತೆರೆಯ ಹೊಡೆತಕ್ಕೆ ಆಚೀಚೆ ಬಡಿಯುತ್ತಿರುವಾಗ ಹಡಗಿನ ವೇಗ ತಗ್ಗಿಸಬೇಕಾಯಿತು. ನಾವಿಕರು ಆ ಗಾಳಿಯಲ್ಲಿ ಡೆಕ್ಕಿನ ಮೇಲೆ ಹೋಗಿ ಅದನ್ನು ಮತ್ತೆ ಬಿಗಿದು ಕಟ್ಟಿದರು. ಇದನ್ನು ‘ಎದುರಿಸಲಾಯಿತು’ ಅನ್ನಲು ನಿಮಗೆ ಹೇಗೆ ಮನಸ್ಸು ಬಂತು?

ನನ್ನನ್ನು ನಿಜವಾಗಿ ಕೆರಳಿಸಿದ್ದು ಐದನೆಯ ಪುಟದ ಸಾಲು: “ಹಡಗಿನಲ್ಲಿ ದಿನಕ್ಕೆ ಸುಮಾರು 1000 ಟನ್ ಕಲ್ಲಿದ್ದಲನ್ನು ಉರಿಸಲಾಗುತ್ತಿತ್ತು.” ಅಷ್ಟೇ, ಮುಂದಿನ ವಾಕ್ಯಕ್ಕೆ ಹೋಗಿಬಿಟ್ಟಿದ್ದೀರಿ. ಒಳಾಂಗಣದ ಮರಗೆಲಸಕ್ಕೆ, 28 ಬಗೆಯ ಮರಗಳಿಗೆ, ಊಟದ ಸಭಾಂಗಣದ ಓಕ್ ಕೆತ್ತನೆಗೆ ಒಂದೂವರೆ ಪುಟ ಕೊಟ್ಟವರು ಇದಕ್ಕೆ ಒಂದೇ ಒಂದು ಸಾಲು ಕೊಟ್ಟಿರಿ.

ಸ್ವಲ್ಪ ಲೆಕ್ಕ ಹಾಕೋಣ. ದಿನಕ್ಕೆ 1000 ಟನ್ ಅಂದರೆ ನಿಮಿಷಕ್ಕೆ 700 ಕಿಲೋ. ಐವತ್ತು ಕಿಲೋದ 14 ಸಿಮೆಂಟ್ ಮೂಟೆಗಳನ್ನು ನಿಮಿಷ ನಿಮಿಷಕ್ಕೂ ಬೆಂಕಿಗೆ ಹಾಕಿದ ಹಾಗೆ, ಹಗಲೂ ರಾತ್ರಿ, ಹೆಚ್ಚುಕಡಿಮೆ ಐದು ದಿನ. ಹಡಗಿನಲ್ಲಿ 25 ಬಾಯ್ಲರ್, ಅವಕ್ಕೆ 192 ಕುಲುಮೆ. ಕಲ್ಲಿದ್ದಲು ತಾನಾಗಿ ನಡೆದು ಬಂದು ಕುಲುಮೆಗೆ ಬೀಳಲಿಲ್ಲ. ಕುಲುಮೆಗೆ ಉರಿ ಹಾಕುವ ಫೈರ್‌ಮನ್‌ಗಳು, ಅವರಿಗೆ ಕಲ್ಲಿದ್ದಲು ತಂದುಕೊಡುವ ಟ್ರಿಮ್ಮರ್‌ಗಳು ಸೇರಿ 300ಕ್ಕೂ ಹೆಚ್ಚು ಗಂಡಸರು ನೀರಿನ ಮಟ್ಟಕ್ಕಿಂತ ಕೆಳಗೆ ಕಿಟಕಿಯಿಲ್ಲದ ಜಾಗದಲ್ಲಿ ಸಲಿಕೆ ಹಿಡಿದು ನಿಂತಿದ್ದರು. ಅವರಲ್ಲಿ ಬಹಳ ಮಂದಿ ಲಿವರ್‌ಪೂಲ್‌ನ ಐರಿಷ್ ಕೇರಿಗಳವರು. ಮೈಗೆ ಮೆತ್ತಿದ ಮಸಿಯಿಂದಾಗಿ ಅವರನ್ನು ‘ಬ್ಲ್ಯಾಕ್ ಗ್ಯಾಂಗ್’ ಎಂದು ಕರೆಯುತ್ತಿದ್ದರು. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ಕಲ್ಲಿದ್ದಲಿನ ಉಗ್ರಾಣಗಳು ಹಡಗಿನ ಎರಡೂ ಪಕ್ಕೆಗಳಲ್ಲಿ ಉದ್ದಕ್ಕೂ ಇದ್ದವು. ಟ್ರಿಮ್ಮರ್ ಅಲ್ಲಿಂದ ಕೈಗಾಡಿಯಲ್ಲಿ ತುಂಬಿ ತಂದು ಫೈರ್‌ಮನ್ನನ ಕಾಲ ಬುಡಕ್ಕೆ ಸುರಿಯಬೇಕು. ಒಂದೇ ಪಕ್ಕದಿಂದ ತೆಗೆಯುತ್ತ ಹೋದರೆ ಹಡಗು ವಾಲುತ್ತದೆ, ಎರಡೂ ಕಡೆ ಸರಿದೂಗಿಸಿಕೊಂಡು ತೆಗೆಯಬೇಕು. ಉಗ್ರಾಣ ಬರಿದಾದಷ್ಟೂ ಅವನ ನಡಿಗೆ ಉದ್ದವಾಗುತ್ತದೆ. ಫೈರ್‌ಮನ್ ಕುಲುಮೆಯ ಬಾಗಿಲು ತೆರೆದು, ಕಲ್ಲಿದ್ದಲನ್ನು ಒಳಗೆ ಸಮವಾಗಿ ಹರಡುವಂತೆ ಬೀಸಿ ಎಸೆದು, ಶಾಖ ಹೊರಗೆ ಹೋಗುವ ಮುಂಚೆ ಬಾಗಿಲು ಹಾಕಬೇಕು. ಆಮೇಲೆ ಉದ್ದನೆಯ ಕಬ್ಬಿಣದ ಸರಳು ತೂರಿಸಿ, ಕರಗಿ ಗಟ್ಟಿಯಾದ ಕಿಟ್ಟವನ್ನು ಮುರಿಯಬೇಕು, ಬೂದಿ ಎಳೆಯಬೇಕು. ಹಡಗು ಹೊಯ್ದಾಡುವಾಗ ಕಾಲ ಕೆಳಗಿನ ಕಬ್ಬಿಣದ ನೆಲವೂ ಹೊಯ್ದಾಡುತ್ತದೆ, ಎದುರಿಗೆ ಬಾಯಿ ತೆರೆದ ಬೆಂಕಿ.

ನಿಮ್ಮ ವ್ಯಾಕರಣ ಈ ಮುನ್ನೂರು ಜನರನ್ನು ಅಳಿಸಿದೆ. ವಾಕ್ಯದಲ್ಲಿ ಅವರಿಗೆ ನಿಲ್ಲಲು ಜಾಗವನ್ನೇ ಬಿಟ್ಟಿಲ್ಲ.

ಇಷ್ಟು ಖಾರವಾಗಿ ಹೇಳುವುದಕ್ಕೆ ಕಾರಣವಿದೆ. ನಾನು ವಾರಪತ್ರಿಕೆಯೊಂದಕ್ಕೆ ಸೇರಿದ ಹೊಸತರಲ್ಲಿ ಮಂಡ್ಯ ಸೀಮೆಯ ಆಲೆಮನೆಗಳ ಬಗ್ಗೆ ಬರೆಯಲು ಕಳಿಸಿದರು. ಅರ್ಧ ದಿನ ಕೊಪ್ಪರಿಗೆಯ ಹತ್ತಿರ ನಿಂತು ನೋಡಿ, ಬಿಸಿ ಬೆಲ್ಲ ತಿಂದು ಬಂದು, ರಾತ್ರಿ ಕೂತು ನಾಲ್ಕು ಪುಟ ಬರೆದೆ. ನಮ್ಮ ಹಿರಿಯ ಉಪಸಂಪಾದಕರು ಓದುತ್ತ ಹೋಗಿ ಒಂದು ಕಡೆ ನಿಂತರು. ‘ಒಲೆಗೆ ಒಣಗಿದ ರಚ್ಚನ್ನು ನಿರಂತರವಾಗಿ ಹಾಕಲಾಗುತ್ತಿತ್ತು’ ಎಂದು ಬರೆದಿದ್ದೆ. ರಚ್ಚು ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ. ಕನ್ನಡಕ ತೆಗೆದು, “ಯಾರಯ್ಯ ಹಾಕ್ತಿದ್ದದ್ದು?” ಅಂದರು. ನನಗೆ ಗೊತ್ತಿರಲಿಲ್ಲ. ಅವನನ್ನು ನಾನು ನೋಡಿಯೇ ಇರಲಿಲ್ಲ. “ಹೋಗಿ ನೋಡ್ಕೊಂಡು ಬಾ” ಎಂದು ಹಾಳೆ ವಾಪಸು ಕೊಟ್ಟರು.

ಬೆಳಗಿನ ಮೊದಲ ಬಸ್ಸಿಗೆ ಹೋದೆ. ಆತ ಒಲೆಯ ಹಿಂಬದಿಯ ಗುಂಡಿಯಲ್ಲಿದ್ದ. ಪಕ್ಕದಲ್ಲಿ ರಚ್ಚಿನ ರಾಶಿ. ಒಂದೊಂದು ಹಿಡಿ ತೆಗೆದು ಒಲೆಯ ಬಾಯಿಗೆ ಇಡುತ್ತ, ಕೋಲಿನಿಂದ ಒಳಗೆ ತಳ್ಳುತ್ತಿದ್ದ. ಒಂದು ಕಡೆಯ ಹುಬ್ಬು ಸುಟ್ಟು ಬೋಳಾಗಿತ್ತು. ಮೇಲೆ ಪಾಕ ನೋಡುವವನು “ಉರಿ ತಗ್ಸೋ” ಎಂದರೆ ಕೈ ನಿಲ್ಲಿಸುತ್ತಿದ್ದ, “ಇಕ್ಕೋ” ಎಂದರೆ ಮತ್ತೆ ಹಾಕುತ್ತಿದ್ದ. ಕೊಪ್ಪರಿಗೆ ಅವನಿಗೆ ಕಾಣುತ್ತಿರಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತ ನನ್ನನ್ನು ನೋಡಿ ಅವನು ಕೇಳಿದ ಮೊದಲ ಮಾತು, “ಮೇಲೆ ಪಾಕ ಬಂತಾ ಸಾಮಿ?” ಆ ಪ್ರಶ್ನೆಯಿಂದಲೇ ಲೇಖನವನ್ನು ಮತ್ತೆ ಬರೆದೆ. ನಿಮ್ಮ ಐದನೆಯ ಪುಟ ಓದುವಾಗ ನನ್ನ ಕಿವಿಯಲ್ಲಿ ಇದ್ದದ್ದು ಆ ಮಾತು.

ಇದೇ ಕಣ್ಣಿನಿಂದ ಎಂಟನೆಯ ಪುಟ ನೋಡಿ: “1921ರ ಅಗ್ನಿ ಅವಘಡದ ನಂತರ ಹಡಗನ್ನು ತೈಲ ಇಂಧನಕ್ಕೆ ಪರಿವರ್ತಿಸಲಾಯಿತು.” ಜುಲೈನಲ್ಲಿ ಸೌತಾಂಪ್ಟನ್ ಬಂದರಿನಲ್ಲಿ ನಿಂತಿದ್ದಾಗ ಬೆಂಕಿ ಬಿತ್ತು. ಕ್ಯೂನಾರ್ಡ್ ಹಡಗನ್ನು ಹುಟ್ಟಿದ ಟೈನ್ ದಂಡೆಗೇ ಕಳಿಸಿ ರಿಪೇರಿ ಮಾಡಿಸಿತು, ಜೊತೆಗೇ ಬಾಯ್ಲರ್‌ಗಳನ್ನು ಎಣ್ಣೆಗೆ ಬದಲಿಸಿತು. 1922ರ ಮಾರ್ಚಿನಲ್ಲಿ ಅದು ಮತ್ತೆ ಕಡಲಿಗೆ ಬಂದಾಗ ಸಲಿಕೆ ಹಿಡಿಯುವ ಕೈಗಳು ಬೇಕಿರಲಿಲ್ಲ. ಅಷ್ಟು ಘೋರವಾದ ದುಡಿಮೆ ತಪ್ಪಿತು, ಆ ದುಡಿಮೆಯ ಕೂಲಿಯೂ ತಪ್ಪಿತು. ಎರಡೂ ಒಟ್ಟಿಗೇ ಆದದ್ದು. ಅದು ‘ಪರಿವರ್ತಿಸಲಾಯಿತು’ ಒಂದರಲ್ಲಿ ಹಿಡಿಸುವ ಸಂಗತಿಯಲ್ಲ.

ಇನ್ನೊಂದು ತಪ್ಪಿದೆ, ಚಿಕ್ಕದು, ಆದರೆ ಬಿಡಲಾರೆ. “1909ರಲ್ಲಿ ಗಂಟೆಗೆ 26.06 ನಾಟ್ ವೇಗದಲ್ಲಿ ದಾಖಲೆ ಸ್ಥಾಪಿಸಲಾಯಿತು.” ‘ಗಂಟೆಗೆ’ ಹೊಡೆದುಹಾಕಿ. ನಾಟ್ ಅಂದರೇ ಗಂಟೆಗೆ ಒಂದು ನಾಟಿಕಲ್ ಮೈಲಿ, 1.852 ಕಿಲೋಮೀಟರ್. ಆ ಪದದ ಅರ್ಥ ಗಂಟು. ಹಿಂದೆ ನಾವಿಕರು ಮರದ ಹಲಗೆಯೊಂದನ್ನು ಹಗ್ಗಕ್ಕೆ ಕಟ್ಟಿ ಹಡಗಿನ ಹಿಂದೆ ನೀರಿಗೆ ಬಿಡುತ್ತಿದ್ದರು. ಹಗ್ಗದಲ್ಲಿ ಸಮ ದೂರಕ್ಕೆ ಗಂಟು. ಒಬ್ಬ ಮರಳು ಗಡಿಯಾರ ಹಿಡಿದು ನಿಂತರೆ, ಇನ್ನೊಬ್ಬ ಮರಳು ಇಳಿದು ಮುಗಿಯುವುದರೊಳಗೆ ಎಷ್ಟು ಗಂಟು ಕೈಯಿಂದ ಜಾರಿದವು ಎಂದು ಎಣಿಸುತ್ತಿದ್ದ. ಅಳತೆಯ ಪದದೊಳಗೂ ಒಬ್ಬನ ಕೈ ಇದೆ, ನೋಡಿ. 26.06 ನಾಟ್ ಅಂದರೆ ಗಂಟೆಗೆ ಸುಮಾರು 48 ಕಿಲೋಮೀಟರ್ ಎಂದೂ ಸೇರಿಸಿ, ಓದುಗರಿಗೆ ಅಂದಾಜು ಸಿಗುತ್ತದೆ. ಬೇಕಾದರೆ ಅಲ್ಲೇ 1929ರ ಸಂಗತಿಯನ್ನೂ ಹೇಳಬಹುದು. ಇಪ್ಪತ್ತು ವರ್ಷ ಉಳಿದಿದ್ದ ಈ ದಾಖಲೆಯನ್ನು ಜರ್ಮನಿಯ ಹೊಸ ಹಡಗು ‘ಬ್ರೆಮೆನ್’ ಮುರಿದ ಮರುತಿಂಗಳೇ, 22 ವರ್ಷದ ಮಾರಿಟೇನಿಯಾ ಮತ್ತೆ ಪಂದ್ಯಕ್ಕಿಳಿಯಿತು. ಬ್ರೆಮೆನ್ ಸಿಗಲಿಲ್ಲ, ಆದರೆ ತನ್ನ ಹಿಂದಿನ ವೇಗವನ್ನು ತಾನೇ ಮೀರಿಸಿತು. ಆ ಮುದಿ ಹಡಗಿನ ಆ ಓಟವನ್ನು ನೀವು ಬರೆದೇ ಇಲ್ಲ!

ಯುದ್ಧಕಾಲದ ಭಾಗ, ಕೊನೆಯ ಹರಾಜಿನ ಭಾಗ ಇವುಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ.

ಲೇಖನವನ್ನು ಇನ್ನೊಮ್ಮೆ ಬರೆಯಿರಿ. ಮರಗೆಲಸ ಅರ್ಧ ಪುಟಕ್ಕೆ ಇಳಿಯಲಿ, ಉಳಿದ ಜಾಗ ಬಾಯ್ಲರ್ ಮನೆಗೆ ಇರಲಿ. ಪ್ರತಿ ವಾಕ್ಯದ ಮುಂದೆ ನಿಂತು ಮಾಡಿದ್ದು ಯಾರು ಎಂದು ಕೇಳಿಕೊಳ್ಳಿ, ಉತ್ತರ ಗೊತ್ತಿಲ್ಲದಿದ್ದರೆ ಹುಡುಕಿ. ಪೆನ್ಸಿಲ್ ಗೆರೆಗಳಿರುವ ನಿಮ್ಮ ಪ್ರತಿಯನ್ನು ಇವತ್ತಿನ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಹೊಸದು ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಬಂದರೆ ಆ ಸಂಚಿಕೆಯಲ್ಲಿ ಆರು ಪುಟ ನಿಮಗಾಗಿ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ